ಸಹಾಯ ಬೇಕು: ಡಿಸೈನ್ ಕೆಲಸ ಜನರಿಗೆ ಉಪಯೋಗವಾಗಬೇಕು, ಜೊತೆಗಾರರು ಬೇಕು

ಎಲ್ಲರಿಗೂ ನಮಸ್ಕಾರ. ನಾನು ಗ್ರಾಫಿಕ್ ಡಿಸೈನರ್. ಲೋಗೋ, ಪ್ಯಾಕೇಜಿಂಗ್, ಆಫರ್ ಬ್ಯಾನರ್, ಇವೇ ಹೊಟ್ಟೆಪಾಡು. ಕೆಲಸಕ್ಕೇನೂ ಬರವಿಲ್ಲ. ಆದರೆ ಆಫರ್ ಮುಗಿದ ಮರುದಿನವೇ ಕಸವಾಗುವ ಬ್ಯಾನರ್‌ಗೆ ಅಕ್ಷರಗಳ ಅಂತರ ಸರಿಮಾಡುತ್ತಾ ಕೂತಾಗ, ಇದೆಲ್ಲ ಯಾರಿಗಾಗಿ ಅನ್ನಿಸುತ್ತದೆ. ಹೊಸ ಸಂಕಟವೇನಲ್ಲ ಬಿಡಿ. ಬ್ರಿಟನ್ನಿನ ಗ್ರಾಫಿಕ್ ಡಿಸೈನರ್ ಕೆನ್ ಗಾರ್ಲಂಡ್ 1964ರಲ್ಲೇ, ನಮ್ಮ ಕಸುಬು ಜಾಹೀರಾತಿಗಿಂತ ಹೆಚ್ಚಾಗಿ ರಸ್ತೆ ಫಲಕ, ಕೈಪಿಡಿ, ಕಲಿಕಾ ಸಾಮಗ್ರಿಗಳಿಗೆ ಬಳಕೆಯಾಗಲಿ ಎಂದು ಪ್ರಣಾಳಿಕೆ ಹೊರಡಿಸಿದ್ದರು. ಹಲವು ಡಿಸೈನರ್‌ಗಳು ಸಹಿಯನ್ನೂ ಹಾಕಿದ್ದರು.

ಸದ್ಯ ನನ್ನ ತಲೆಯಲ್ಲಿರುವುದು ಓದು ಬಾರದವರಿಗೂ ಅರ್ಥವಾಗುವ ಔಷಧ ಚೀಟಿ. ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ, ಸರಿ. ಮಧ್ಯಾಹ್ನಕ್ಕೆ? ನೆತ್ತಿಯ ಮೇಲೊಂದು ಸೂರ್ಯ ಬರೆದೆ. ಆದರೆ ಎರಡು ಸೂರ್ಯ ಕಂಡವರು ಬೆಳಿಗ್ಗೆಯೇ ಎರಡು ಮಾತ್ರೆ ನುಂಗಿದರೆ? "ಊಟದ ನಂತರ" ಎಂಬುದನ್ನು ಚಿತ್ರದಲ್ಲಿ ಹೇಳುವುದು ಇನ್ನೂ ಕಷ್ಟ. ಕಂಪ್ಯೂಟರ್ ಮುಂದೆ ನಾನೊಬ್ಬಳೇ ಕೂತು ತೀರ್ಮಾನಿಸುವ ವಿಷಯ ಇದಲ್ಲ.

ಆದ್ದರಿಂದ ನರ್ಸ್‌ಗಳು, ಫಾರ್ಮಸಿಸ್ಟ್‌ಗಳು, ವಯಸ್ಕರ ಶಿಕ್ಷಣದಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಎಲ್ಲ ತೀರ್ಮಾನವಾದ ಮೇಲೆ "ಸ್ವಲ್ಪ ಚೆಂದ ಮಾಡಿಕೊಡಿ" ಅನ್ನುವ ಕೆಲಸ ಬೇಡ (ಅದು ದಿನಾ ಇದ್ದದ್ದೇ). ಮೊದಲ ದಿನದಿಂದಲೇ ಜೊತೆ ಕೂತು, ಕಚ್ಚಾ ಚಿತ್ರಗಳನ್ನು ಬಳಸುವವರಿಗೇ ತೋರಿಸಿ, ತಿದ್ದುತ್ತಾ ಹೋಗಬೇಕು. ಶನಿವಾರ, ಭಾನುವಾರ ಸಮಯ ಕೊಡಬಲ್ಲೆ.

ಇಂಥ ಕೆಲಸ ಮಾಡಿರುವ ಡಿಸೈನರ್‌ಗಳಿಗೆ ಇನ್ನೊಂದು ಪ್ರಶ್ನೆ: ಪೂರ್ತಿ ಉಚಿತವಾಗಿ ಮಾಡಿದಿರೋ, ಅಲ್ಪ ಸಂಭಾವನೆ ಕೇಳಿದಿರೋ? ಉಚಿತವೆಂದರೆ ತಿದ್ದುಪಡಿಗೆ ಕೊನೆಯೇ ಇರುವುದಿಲ್ಲ ಎಂಬ ಭಯ ನನಗೆ. ಮೂಲ ಫೈಲ್‌ಗಳನ್ನು ಯಾರ ಬಳಿ ಇಟ್ಟಿರಿ ಎಂಬುದನ್ನೂ ತಿಳಿಸಿ.