ಬೇರೆ ದೇಶಕ್ಕೆ ಹೋಗುವಾಗ ಅಕ್ವೇರಿಯಂ ಮೀನು ಒಯ್ಯುವುದು ಹೇಗೆ? ಒಯ್ದವರು ಹೇಳಿ

ಕೇಳಿದವರು:
ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗಿ ನೆಲೆಸಬೇಕಾಗಿದೆ. ಅಮೆರಿಕ, ಜರ್ಮನಿ, ಆಸ್ಟ್ರೇಲಿಯಾ, ಮೂರರಲ್ಲಿ ಯಾವುದು ಅಂತ ಕಂಪನಿ ಇನ್ನೂ ಹೇಳಿಲ್ಲ. ಟ್ಯಾಂಕ್‌ನಲ್ಲಿ ಡಿಸ್ಕಸ್, ಕಾರ್ಡಿನಲ್ ಟೆಟ್ರಾ, ಒಂದು ಜೋಡಿ ಝೀಬ್ರಾ ಪ್ಲೆಕೊ ಇವೆ. ಮಗಳ ಟ್ಯಾಂಕ್‌ನಲ್ಲಿ ಗೋಲ್ಡ್‌ಫಿಶ್ ಇದೆ. ಸ್ವಲ್ಪ ಗಿಡ, ಒಂದೆರಡು ಬಸವನಹುಳು ಕೂಡ. ಕದ್ದು ಮುಚ್ಚಿ ಒಯ್ಯುವ ಆಸೆ ಇಲ್ಲ, ಎಲ್ಲ ಕಾನೂನು ಪ್ರಕಾರವೇ ಆಗಬೇಕು. ಎಲ್ಲಿಂದ ಶುರು ಮಾಡಲಿ?

ಡಿಸ್ಕಸ್ ಸಾಕುವವರು:
ಮೊದಲು ಊರು ಖಾತ್ರಿಯಾಗಲಿ ಸರ್. ನಾನು ಡಿಸ್ಕಸ್ ಒಯ್ದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಎಲ್ಲರೂ ಚೀಲ, ಆಕ್ಸಿಜನ್, ಥರ್ಮಾಕೋಲ್ ಅಂತ ಶುರು ಮಾಡುತ್ತಾರೆ. ಅದು ಕೊನೆಯ ಕೆಲಸ. ನೀವು ಇಳಿಯುವ ದೇಶ ಆ ಮೀನನ್ನು ಒಳಗೆ ಬಿಡುತ್ತದಾ ಇಲ್ವಾ, ಅದೇ ಮೊದಲ ಪ್ರಶ್ನೆ. ನೀವು ಹೇಳಿದ ಮೂರು ಕಡೆಯೂ ಉತ್ತರ ಬೇರೆ ಬೇರೆ.

ಆಸ್ಟ್ರೇಲಿಯಾ ಇವುಗಳಲ್ಲಿ ಕಷ್ಟದ್ದು. ಅಲ್ಲಿ ಒಳಗೆ ಬಿಡುವ ಜಾತಿಗಳ ಪಟ್ಟಿಯೇ ಇದೆ. ಪಟ್ಟಿಯಲ್ಲಿ ಹೆಸರಿದ್ದರೂ ಆಮದು ಪರವಾನಗಿ ಬೇಕು, ಇಳಿದ ಮೇಲೆ ಒಪ್ಪಿಗೆ ಪಡೆದ ಜಾಗದಲ್ಲಿ ಕ್ವಾರಂಟೈನ್ ಆಗಬೇಕು. ನಾಲ್ಕು ಸಾಕುಮೀನಿಗಾಗಿ ಒಬ್ಬರು ಇಷ್ಟೆಲ್ಲ ಮಾಡುವುದು ನನ್ನ ಮಟ್ಟಿಗೆ ಆಗದ ಮಾತು.

ಅಮೆರಿಕದಲ್ಲಿ ಸಾಕುಮೀನಾದರೂ ಮೀನು ಮತ್ತು ವನ್ಯಜೀವಿ ಇಲಾಖೆಗೆ 3-177 ಅನ್ನೋ ಫಾರಂ ತುಂಬಿ ಘೋಷಣೆ ಮಾಡಬೇಕು. ಡಿಸ್ಕಸ್, ಟೆಟ್ರಾಗೆ ಅಷ್ಟೇನೂ ತಲೆಬಿಸಿ ಇಲ್ಲ. ನಿಮಗೆ ಸಿಕ್ಕಿಹಾಕಿಕೊಳ್ಳುವುದು ಮಗಳ ಗೋಲ್ಡ್‌ಫಿಶ್! ನಗಬೇಡಿ. ಗೋಲ್ಡ್‌ಫಿಶ್, ಕೊಯ್ ಎರಡೂ ಕಾರ್ಪ್ ಬಳಗದವು. ಆ ಬಳಗಕ್ಕೆ ಎಸ್‌ವಿಸಿ ಅನ್ನೋ ವೈರಸ್ ಕಾಯಿಲೆ ಬರುತ್ತದೆ. ಹಾಗಾಗಿ ಅವಕ್ಕೆ ಅಲ್ಲಿನ ಕೃಷಿ ಇಲಾಖೆಯ ಆಮದು ಪರವಾನಗಿ ಬೇರೆ, ಆರೋಗ್ಯ ಪ್ರಮಾಣಪತ್ರ ಬೇರೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುವ ಮೀನೇ ಗಡಿಯಲ್ಲಿ ಹೆಚ್ಚು ಕಾಗದ ಕೇಳುತ್ತದೆ.

ಇನ್ನೊಂದು, ಎಲ್ಲ ಕಾಗದದಲ್ಲೂ ವೈಜ್ಞಾನಿಕ ಹೆಸರು ಬರೆಯಿರಿ. 'ಬಣ್ಣದ ಮೀನು, 12' ಅಂತ ಬರೆದರೆ ಅಧಿಕಾರಿ ಏನು ಮಾಡಬೇಕು ಹೇಳಿ.

ಪ್ಲೆಕೊ ಮರಿ ಮಾಡಿಸುವವರು:
ಝೀಬ್ರಾ ಪ್ಲೆಕೊ ವಿಷಯ ಯಾರೂ ಎತ್ತಿಲ್ಲ, ನಾನು ಹೇಳುತ್ತೇನೆ. ಅದು ಬ್ರೆಜಿಲ್‌ನ ಶಿಂಗು ನದಿಯ ಮೀನು. ಅಳಿವಿನ ಭಯ ಇರುವ ಪ್ರಾಣಿ, ಗಿಡಗಳ ದೇಶ-ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದಲ್ಲಿ ಬ್ರೆಜಿಲ್ 2017ರಲ್ಲಿ ಅದನ್ನು ಮೂರನೇ ಪಟ್ಟಿಗೆ ಹಾಕಿಸಿತು. 2022ರ ಸಭೆಯಲ್ಲಿ ಅದು ಎರಡನೇ ಪಟ್ಟಿಗೆ ಏರಿತು. ಅಂದರೆ ನಿಮ್ಮ ಟ್ಯಾಂಕ್‌ನಲ್ಲೇ ಹುಟ್ಟಿದ್ದಾದರೂ ಸೈಟೀಸ್ ಕಾಗದ ಇಲ್ಲದೆ ಗಡಿ ದಾಟುವಂತಿಲ್ಲ. ನೀವು ಈಗಿರುವ ದೇಶದ ಸೈಟೀಸ್ ಕಚೇರಿಗೆ ಅರ್ಜಿ ಹಾಕಬೇಕು. ಮೀನು ಎಲ್ಲಿಂದ ಬಂತು ಅಂತ ಅವರು ಕೇಳಿಯೇ ಕೇಳುತ್ತಾರೆ. ಕೊಂಡ ರಸೀದಿ, ಮರಿ ಮಾಡಿಸಿದವರ ಪತ್ರ ಇದ್ದರೆ ಈಗಲೇ ಹುಡುಕಿಟ್ಟುಕೊಳ್ಳಿ. ಜರ್ಮನಿ ಆದರೆ ಇನ್ನೊಂದು ಹೆಜ್ಜೆ ಜಾಸ್ತಿ. ಯುರೋಪಿಯನ್ ಒಕ್ಕೂಟಕ್ಕೆ ಈ ಮೀನು ಹೋಗಬೇಕಾದರೆ ರಫ್ತು ಪರವಾನಗಿ ಜೊತೆ ಆಮದು ಪರವಾನಗಿಯೂ ಬೇಕು. ರಫ್ತು ಪರವಾನಗಿ ಕೊಟ್ಟ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ, ಹಾಗಾಗಿ ಹೊರಡುವ ತಾರೀಕು ಗೊತ್ತಾಗದೆ ಅರ್ಜಿ ಹಾಕಬೇಡಿ.

ಒಂದು ದೇಶದಲ್ಲಿ ಸರಿ ಇದ್ದಿದ್ದು ಇನ್ನೊಂದರಲ್ಲೂ ಸರಿ ಅಂದುಕೊಳ್ಳಲೂ ಬೇಡಿ. ಏಷ್ಯನ್ ಅರೋವಾನ ಸೈಟೀಸ್‌ನ ಮೊದಲನೇ ಪಟ್ಟಿಯ, ಅಂದರೆ ಎಲ್ಲಕ್ಕಿಂತ ಬಿಗಿಯಾದ ಪಟ್ಟಿಯ ಮೀನು. ನೋಂದಾಯಿತ ಫಾರಂನಲ್ಲಿ ಹುಟ್ಟಿ, ಮೈಯಲ್ಲಿ ಮೈಕ್ರೋಚಿಪ್ ಇದ್ದರೆ ಎಷ್ಟೋ ದೇಶಗಳಲ್ಲಿ ಮಾರಾಟವೂ ಆಗುತ್ತದೆ. ಅದೇ ಮೀನನ್ನು ಸಾಕುವುದಕ್ಕೆ ಅಂತ ಅಮೆರಿಕಕ್ಕೆ ಒಯ್ಯಲು ಬಿಡುವುದಿಲ್ಲ, ಚಿಪ್ ಇದ್ದರೂ ಅಷ್ಟೇ.

ಗಿಡ ಜಾಸ್ತಿ, ಮೀನು ಕಡಿಮೆ ಸಾಕುವವರು:
ಗಿಡ, ಬಸವನಹುಳು ಬಿಟ್ಟು ಹೋಗಿ. ಗಿಡಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಅಂತ ಇನ್ನೊಂದು ಇಲಾಖೆ ಸುತ್ತಬೇಕು. ನಿಮ್ಮದು ಆ್ಯಪಲ್ ಸ್ನೇಲ್ ಆಗಿದ್ದರೆ ಯುರೋಪಿಯನ್ ಒಕ್ಕೂಟದಲ್ಲಿ 2012ರಿಂದ ನಿಷೇಧ. ಹೊಳೆಯುವ ಹಾಗೆ ಜೀನ್ ಬದಲಿಸಿದ ಮೀನಿಗೂ ಅಲ್ಲಿ ಜಾಗ ಇಲ್ಲ.

ಮೀನು ರಫ್ತು ಕೆಲಸದಲ್ಲಿರುವವರು:
ಪ್ಯಾಕಿಂಗ್ ನನ್ನ ದಿನದ ಕೆಲಸ, ಅದನ್ನು ಹೇಳುತ್ತೇನೆ. ಹೊರಡುವ ಒಂದೆರಡು ದಿನ ಮುಂಚೆ ಊಟ ನಿಲ್ಲಿಸಿ. ಪಾಪ ಅನಿಸುತ್ತದೆ, ಆದರೆ ಹೊಟ್ಟೆ ತುಂಬಿದ ಮೀನು ಚೀಲದ ನೀರನ್ನು ತಾನೇ ಕೆಡಿಸಿಕೊಳ್ಳುತ್ತದೆ. ಒಂದರೊಳಗೆ ಒಂದು, ಎರಡು ಚೀಲ. ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಆಕ್ಸಿಜನ್. ಚೀಲದ ಮೂಲೆಗಳನ್ನು ಟೇಪ್ ಹಾಕಿ ಮಡಚಿ, ಇಲ್ಲದಿದ್ದರೆ ಟೆಟ್ರಾ ಅಲ್ಲಿ ಸಿಕ್ಕಿ ನುಜ್ಜಾಗುತ್ತವೆ. ಪ್ಲೆಕೊ ಮುಳ್ಳು ಚೀಲ ತೂತು ಮಾಡುತ್ತದೆ, ಒಂದೊಂದನ್ನೂ ಬೇರೆ ಬೇರೆ ಹಾಕಿ, ಎರಡು ಚೀಲದ ನಡುವೆ ಪೇಪರ್ ಇಡಿ. ಮೇಲೆ ಥರ್ಮಾಕೋಲ್ ಡಬ್ಬಿ, ಅದರ ಮೇಲೆ ರಟ್ಟಿನ ಡಬ್ಬಿ. ಜೀವಂತ ಪ್ರಾಣಿ ಅನ್ನೋ ಚೀಟಿ, ಮೇಲ್ಭಾಗ ತೋರಿಸುವ ಬಾಣದ ಚೀಟಿ ಎರಡೂ ಇರಲಿ. ವಿಮಾನ ಕಂಪನಿಗಳು ತಮ್ಮ ಅಂತರರಾಷ್ಟ್ರೀಯ ಸಂಘ ಐಎಟಿಎದ ಜೀವಂತ ಪ್ರಾಣಿ ನಿಯಮ ನೋಡುತ್ತವೆ, ಡಬ್ಬಿ ಅದರ ಪ್ರಕಾರ ಇಲ್ಲದಿದ್ದರೆ ಕೌಂಟರ್‌ನಲ್ಲೇ ವಾಪಸ್.

ಕೇಳಿದವರು:
ಕೈಚೀಲದಲ್ಲಿ ಒಯ್ಯಬಹುದಾ? ದಾರಿಯಲ್ಲಿ ವಿಮಾನ ಬದಲಿಸಬೇಕಾಗಬಹುದು.

ಮೀನು ರಫ್ತು ಕೆಲಸದಲ್ಲಿರುವವರು:
ಎಷ್ಟೋ ವಿಮಾನ ಕಂಪನಿಗಳಲ್ಲಿ ಸೀಟಿನ ಹತ್ತಿರ ಬಿಡುವುದು ನಾಯಿ, ಬೆಕ್ಕನ್ನು ಮಾತ್ರ. ಮೀನು ಕಾರ್ಗೋದಲ್ಲಿ ಹೋಗುತ್ತದೆ, ಅದಕ್ಕೆ ಏಜೆಂಟ್ ಹಿಡಿಯುವುದೇ ವಾಸಿ. ನೇರ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ. ನಡುವೆ ಇಳಿಯುವ ದೇಶದ ನಿಯಮವೂ ನಿಮ್ಮ ತಲೆಗೆ ಬರಬಹುದು.

ಪಶುವೈದ್ಯರು:
ಆರೋಗ್ಯ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಸರ್ಕಾರಿ ಪಶುವೈದ್ಯರ ಸಹಿ ಬೇಕು, ಖಾಸಗಿ ಕ್ಲಿನಿಕ್ ಪತ್ರ ಸಾಲದು. ಹೋಗುವ ದೇಶದ್ದೇ ನಮೂನೆ ಇರುತ್ತದೆ, ಅದನ್ನು ತೆಗೆದುಕೊಂಡು ಹೋಗಿ ತೋರಿಸಿ. ಸಹಿ ಆದ ಮೇಲೆ ಕೆಲವೇ ದಿನ ನಡೆಯುತ್ತದೆ. ಟಿಕೆಟ್ ಮುಂದೆ ಹೋದರೆ ಇದನ್ನೂ ಮತ್ತೆ ಮಾಡಿಸಬೇಕು. ಹೊರಡುವ ಕೆಲವು ವಾರ ಮುಂಚಿನಿಂದ ಟ್ಯಾಂಕ್‌ಗೆ ಹೊಸ ಮೀನು ಬಿಡಬೇಡಿ.

ಹಳೆಯ ಸದಸ್ಯರು:
ಬೇಜಾರಾಗಬೇಡಿ, ನಾನಾದರೆ ಒಯ್ಯುವುದಿಲ್ಲ. ಟೆಟ್ರಾ ಎಲ್ಲ ಕಡೆ ಸಿಗುತ್ತವೆ, ಅವಕ್ಕೆ ಈ ಪ್ರಯಾಣ ಸುಮ್ನೆ ಹಿಂಸೆ. ಒಳ್ಳೆ ಕೈಗೆ ಕೊಟ್ಟು ಹೋಗಿ. ಕೆರೆಗೆ ಮಾತ್ರ ಬಿಡಬೇಡಿ ದಯವಿಟ್ಟು.

ಡಿಸ್ಕಸ್ ಸಾಕುವವರು:
ಟೆಟ್ರಾ ವಿಷಯದಲ್ಲಿ ಒಪ್ಪುತ್ತೇನೆ. ವರ್ಷಗಟ್ಟಲೆ ಸಾಕಿದ ಜೋಡಿ ಡಿಸ್ಕಸ್ ಆದರೆ ಮನಸ್ಸು ಬರುವುದಿಲ್ಲ ಅಲ್ವಾ. ಒಯ್ಯುವುದೇ ಆದರೆ ಚೀಲ ಬಿಚ್ಚುವಾಗ ಹುಷಾರು. ದಾರಿಯಲ್ಲಿ ಮೀನು ಉಸಿರು ಬಿಟ್ಟು ಬಿಟ್ಟು ನೀರಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ, ಅಂದರೆ ನೀರು ಹುಳಿಯ ಕಡೆಗೆ ತಿರುಗಿರುತ್ತದೆ. ಮೀನು ಹೊರಹಾಕಿದ ಅಮೋನಿಯ ನೀರಲ್ಲಿ ಇದ್ದರೂ ಆಗ ಅಷ್ಟು ವಿಷ ಅಲ್ಲ. ಚೀಲ ಬಿಚ್ಚಿದರೆ ಆ ಗಾಳಿ ಹೊರಗೆ ಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯ ಮೀನನ್ನು ಸುಡುತ್ತದೆ. ಹಾಗಾಗಿ ಮುಚ್ಚಿದ ಚೀಲವನ್ನೇ ತೇಲಿಬಿಟ್ಟು ಬಿಸಿ ಸರಿಹೊಂದಿಸಿ. ಬಿಚ್ಚಿದ ಮೇಲೆ ತಡ ಮಾಡದೆ ಮೀನನ್ನು ಮಾತ್ರ ಎತ್ತಿ ಹೊಸ ನೀರಿಗೆ ಹಾಕಿ. ಚೀಲದ ನೀರು ಟ್ಯಾಂಕ್‌ಗೂ ಬೇಡ, ಹೊರಗಿನ ಮೋರಿಗೂ ಬೇಡ. ಅದಕ್ಕೆ ಬ್ಲೀಚ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಶೌಚಾಲಯಕ್ಕೆ ಚೆಲ್ಲಿ.