ಅಜ್ಜನ ಕಾರು ಎಡಕ್ಕೆ ಎಳೀತಿತ್ತು

ನಮ್ಮ ಮನೆ ಗುಂಪಿಗೆ ಸರೋಜತ್ತೆ ಕಳಿಸಿದ ಫಾರ್ವರ್ಡ್, ಇದ್ದ ಹಾಗೇ:

"ಕಾರು ಮಾಲೀಕರೇ ಎಚ್ಚರ!!! ಕಾರು ತಗ್ಗಿಸಿದರೆ ಪ್ರಾಣಾಪಾಯ. ಓಡುತ್ತಿರುವಾಗಲೇ ಸ್ಪ್ರಿಂಗ್ ಹೊರಗೆ ಹಾರಿ ಚಕ್ರ ಕಳಚುತ್ತದೆ. ಗ್ಯಾಸ್ ಕಟರ್‌ನಲ್ಲಿ ಸ್ಪ್ರಿಂಗ್ ಕತ್ತರಿಸುವವರಿಂದ ದೂರವಿರಿ. ನಿಮ್ಮ ಮಕ್ಕಳಿಗೆ ಇಂದೇ ಕಳಿಸಿ."

ಕತ್ತರಿಸೋ ವಿಷಯ ಕೊನೆಗೆ ಬರುತ್ತೆ. ಅಷ್ಟು ದೂರ ಯಾರೂ ಓದಲಿಲ್ಲ. ಅತ್ತೆ ಹೆಸರು ಹಾಕದಿದ್ದರೂ ಇದು ಯಾರಿಗೆ ಅಂತ ಎಲ್ಲರಿಗೂ ಗೊತ್ತು. ಅಜ್ಜ ಬಿಟ್ಟುಹೋದ ಹಳೇ ಹ್ಯಾಚ್‌ಬ್ಯಾಕನ್ನ ಅನಿ ದಿನಾ ಕೆಲಸಕ್ಕೆ ಓಡಿಸ್ತಾನೆ. ಅದರ ಸಸ್ಪೆನ್ಷನ್ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ತಾ, ಕಾರಿನ ಮೈಯನ್ನ ನೆಲದ ಕಡೆಗೆ 30 ಮಿ.ಮೀ. ತಗ್ಗಿಸ್ತಾ ಇದ್ದ. ಹಿಂದಿನ ದಿನ ಸ್ಟೇಟಸ್‌ನಲ್ಲಿ ಚಕ್ರ ಬಿಚ್ಚಿದ ಫೋಟೋ ಬಂದಿತ್ತು.

ವಿದ್ಯಕ್ಕ: ಮೂಲ ಎಲ್ಲಿ ಅತ್ತೆ? ಯಾರು ಬರೆದಿದ್ದು?

ಸರೋಜತ್ತೆ: ನಂಗೆ ಬಂತು, ಕಳಿಸಿದೆ. ಮೂಲ ಹುಡುಕಿಕೊಂಡು ಕೂತ್ಕೊಳ್ಳೋಕೆ ನಾನೇನು ಪತ್ರಿಕೆ ನಡೆಸ್ತೀನಾ?

ಶಂಕರ ದೊಡ್ಡಪ್ಪ: ಯಾರು ಬರೆದರೇನು, ವಿಷಯ ಸರಿಯಾಗಿದೆ. ಕಾರು ಮಾಡಿದವರು ದಡ್ಡರಾ? ಅವರು ಯೋಚನೆ ಮಾಡಿ ಇಟ್ಟ ಎತ್ತರವನ್ನ ಬದಲಿಸೋಕೆ ಇವನ್ಯಾರು? ಇರೋದನ್ನ ಇರೋ ಹಾಗೆ ಉಳಿಸಿಕೊಳ್ಳೋ ಬುದ್ಧಿ ಈಗಿನವರಿಗೆ ಇಲ್ಲ.

ಅನಿ: ದೊಡ್ಡಪ್ಪ, ನಾನು ಏನೂ ಕತ್ತರಿಸ್ತಾ ಇಲ್ಲ. ಗಿಡ್ಡ ಸ್ಪ್ರಿಂಗ್, ಅದಕ್ಕೆ ಹೊಂದೋ ಹೊಸ ಡ್ಯಾಂಪರ್, ಅಂದ್ರೆ ಶಾಕ್ ಅಬ್ಸಾರ್ಬರ್, ಹಾಕ್ತಾ ಇದ್ದೀನಿ.

ಶಂಕರ ದೊಡ್ಡಪ್ಪ: ಎರಡೂ ಒಂದೇ.

ಎರಡೂ ಒಂದೇ ಅಲ್ಲ, ಅದನ್ನ ಅನಿ ಉದ್ದಕ್ಕೆ ಬರೆದ. ಕಾಯಿಲ್ ಸ್ಪ್ರಿಂಗಿನ ಬಿಗಿ ಅದರ ಕೆಲಸ ಮಾಡೋ ಸುತ್ತುಗಳ ಮೇಲೆ ನಿಂತಿದೆ. ಆರು ಸುತ್ತಿನಲ್ಲಿ ಒಂದನ್ನ ಕತ್ತರಿಸಿದರೆ ಉಳಿದಿದ್ದು ಶೇ. 20ರಷ್ಟು ಬಿಗಿಯಾಗುತ್ತೆ, ಹಳೇ ಡ್ಯಾಂಪರ್‌ಗೆ ಅದನ್ನ ಹಿಡಿಯೋಕೆ ಆಗಲ್ಲ. ಗ್ಯಾಸ್ ಕಟರ್ ಶಾಖಕ್ಕೆ ಆ ಜಾಗದ ಉಕ್ಕಿನ ಹದ ಹೋಗುತ್ತೆ. ಕತ್ತರಿಸಿದ ತುದಿ ಸ್ಪ್ರಿಂಗ್ ಕೂರೋ ಕೆಳಗಿನ ತಟ್ಟೆಯಲ್ಲಿ ನೆಟ್ಟಗೆ ಕೂರಲ್ಲ. ಚಕ್ರ ಗುಂಡಿಯಲ್ಲಿ ಪೂರ್ತಿ ಇಳಿಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಡಬಹುದು. ಅಂದರೆ ಫಾರ್ವರ್ಡ್‌ನಲ್ಲಿ ಅರ್ಧ ನಿಜ ಇದೆ, ಆದರೆ ಅದು ಬೇರೆ ಯಾರದೋ ಕಾರಿನ ಬಗ್ಗೆ.

ವಿದ್ಯಕ್ಕ: ಈ ಶೇ. 20ಕ್ಕೆ ಮೂಲ?

ಅನಿ: ಆರನ್ನ ಐದರಿಂದ ಭಾಗಿಸು ಅಕ್ಕ.

ಆಮೇಲೆ ಅವನು, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಡ್ಯಾಂಪರ್ ಎರಡೂ ಸೇರಿದ ಒಂದೇ ಕಂಬ) ಇರೋದರಿಂದ ತುಂಬಾ ತಗ್ಗಿಸಿದರೆ ಚಕ್ರವನ್ನ ಕೆಳಗಿಂದ ಕಾರಿಗೆ ಹಿಡಿದಿಡೋ ಆರ್ಮ್ ವಾಲಿಕೊಂಡು ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತೋ ಅದು) ಕಾರಿಗಿಂತ ಹೆಚ್ಚು ಕೆಳಗಿಳಿಯುತ್ತೆ, ತಿರುವಿನಲ್ಲಿ ವಾಲಿಸೋ ಬಲಕ್ಕೆ ಇನ್ನೂ ಅನುಕೂಲ ಆಗುತ್ತೆ, ಅದಕ್ಕೇ 30ಕ್ಕೆ ನಿಲ್ಲಿಸಿದ್ದು ಅಂತ ವಿವರಿಸೋಕೆ ಹೊರಟ.

ಕಿಟ್ಟಿ: ಮ್ಯಾಕ್‌ಫರ್ಸನ್ ಅಂದ್ರೆ ಫಾಸ್ಟ್ ಬೌಲರ್ ಥರ ಇದೆ 😂

ವಿದ್ಯಕ್ಕ: ಎಂಜಿನಿಯರ್ ಕಣೋ. ಫೋರ್ಡ್‌ನವರು 1950ರಲ್ಲಿ ಕಾನ್ಸಲ್, ಝೆಫಿರ್ ಕಾರುಗಳಿಗೆ ಹಾಕಿದ್ರು. ಈಗ ನೋಡಿದೆ.

ಅಲ್ಲಿಗೆ ರೋಲ್ ಸೆಂಟರ್ ಕಥೆ ಮುಗೀತು.

ಇಷ್ಟಕ್ಕೇ ನಿಂತಿದ್ದರೆ ಇದು ನಮ್ಮ ಗುಂಪಿನ ಇನ್ನೊಂದು ಸಾಮಾನ್ಯ ಸಂಜೆ. ಆದರೆ ಅನಿ ಒಂದು ಫೋಟೋ ಹಾಕಿದ: ಎಡಗಡೆಯ ಹಳೇ ಲೋಯರ್ ಆರ್ಮ್, ಪಕ್ಕದಲ್ಲಿ ಹೊಸದು. ಹಳೇದು ಹಿಂದಕ್ಕೆ ಬಾಗಿರೋದು ಬರಿಗಣ್ಣಿಗೇ ಕಾಣುತ್ತೆ.

ಅನಿ: ಯಾವತ್ತೋ ಎಡ ಚಕ್ರ ಜೋರಾಗಿ ಎಲ್ಲೋ ಗುದ್ದಿದೆ. ಚಕ್ರ ಹಿಂದಕ್ಕೆ ಸರಿದು ಆ ಕಡೆ ಕ್ಯಾಸ್ಟರ್, ಅಂದ್ರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನ, ಕಡಿಮೆ ಆಗಿದೆ. ಕಾರು ಎಡಕ್ಕೆ ಎಳೀತಿದ್ದಿದ್ದು ಇದಕ್ಕೇ. ಆರ್ಮ್ ಬದಲಿಸದೆ ಬರೀ ಟೋ (ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ಅನ್ನೋದು) ಅಲೈನ್‌ಮೆಂಟ್ ಮಾಡಿಸಿದ್ರೆ ಹೋಗೋ ಕಾಯಿಲೆ ಅಲ್ಲ.

ಕಾರು ಎಡಕ್ಕೆ ಎಳೆಯೋದು ನಮ್ಮ ಮನೆಯಲ್ಲಿ ತಮಾಷೆಯ ವಿಷಯ ಅಲ್ಲ. ಅಜ್ಜನ ಕೈ ಗಟ್ಟಿ ಇಲ್ಲ, ಕಣ್ಣು ಮಂದವಾಗಿದೆ ಅಂತ ಕೀ ಇಸ್ಕೊಂಡಿದ್ದೇ ಆ ಕಾರಣಕ್ಕೆ. ಅದೂ ಅಲ್ಲದೆ, ಕಾರು ಹಾಳಾಗಿದ್ದು ಮೋಹನ ಚಿಕ್ಕಪ್ಪ ಎರವಲು ಒಯ್ದಾಗ ಅನ್ನೋ ಗುಸುಗುಸು ಯಾವಾಗಲೂ ಇತ್ತು.

ಸರೋಜತ್ತೆ: ಅಪ್ಪ ಬಡ್ಕೊಂಡ್ರು, ಕಾರಲ್ಲೇ ಏನೋ ಇದೆ ಅಂತ. ಯಾರಾದ್ರೂ ಕೇಳಿದ್ರಾ?

ಮೋಹನ ಚಿಕ್ಕಪ್ಪ: ಈಗ ನನ್ನ ಹೆಸರು ಬರುತ್ತೆ, ಕಾಯ್ತಾ ಇದ್ದೀನಿ.

ಶಂಕರ ದೊಡ್ಡಪ್ಪ: ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು.

ಮೋಹನ ಚಿಕ್ಕಪ್ಪ: ಅಣ್ಣಾ, ನಾನು ಒಯ್ದಾಗಲೇ ಅದು ಎಳೀತಿತ್ತು. ಅವತ್ತೂ ಹೇಳಿದ್ದೆ.

ಇಷ್ಟು ಬಿಸಿಯ ನಡುವೆ ಕಿಟ್ಟಿಗೆ ಬಾಲ್ಯ ನೆನಪಾಯಿತು. ಅವನಿಗೆ ನೆನಪಾಗೋಕೆ ಇಂಥದ್ದೇ ಹೊತ್ತು ಬೇಕು.

ಕಿಟ್ಟಿ: ಆ ಕಾರಲ್ಲಿ ನಾವು ಏಳು ಜನ ಕೂರ್ತಿದ್ವಲ್ಲ! ಹಿಂದೆ ನಾನು, ಅನಿ ಡಿಕ್ಕಿ ಹತ್ರ. ಉಬ್ಬು ಬಂದ್ರೆ ತಲೆ ಮೇಲೆ ತಾಗೋದು. ದೊಡ್ಡಪ್ಪ ಒಂದು ಕೈಯಲ್ಲಿ ತಾಳ ಹಾಕ್ತಾ ಓಡಿಸ್ತಿದ್ರು. ಒಂದ್ಸಲ ರಾತ್ರಿ ಡಿವೈಡರ್ ಕಲ್ಲಿಗೆ ಧಡಾರ್ ಅಂತ ಹೊಡೆದು ಎಲ್ರೂ ಕಿರುಚಿದ್ವಿ, ಅಜ್ಜನಿಗೆ ಹೇಳಬೇಡಿ ಅಂತ ನಮಗೆಲ್ಲ ಚಾಕೊಲೇಟ್ ಕೊಡಿಸಿದ್ರಿ ದೊಡ್ಡಪ್ಪ. ಎಂಥಾ ದಿನಗಳು ❤️

ಗುಂಪಿನಲ್ಲಿ ಸಿಕ್ಕ ಒಂದೇ ಒಂದು ಮೂಲ ಇದು, ವಿದ್ಯಕ್ಕ ಕೇಳದೆಯೇ ಬಂತು. ಪಾಪ, ಕಿಟ್ಟಿಗೆ ತಾನು ಏನು ಹೇಳಿದೆ ಅನ್ನೋದೂ ಗೊತ್ತಿರಲಿಲ್ಲ.

ಮೋಹನ ಚಿಕ್ಕಪ್ಪ: ಯಾವ ಚಕ್ರ ಹೊಡೀತು ಕಿಟ್ಟಿ?

ಶಂಕರ ದೊಡ್ಡಪ್ಪ: ಅವನು ಆಗ ಮಗು. ಅವನಿಗೇನು ನೆನಪಿರುತ್ತೆ.

ಮೋಹನ ಚಿಕ್ಕಪ್ಪ: ಚಾಕೊಲೇಟ್ ನೆನಪಿದೆ ಅವನಿಗೆ.

ಸರೋಜತ್ತೆ: ಶಂಕರಣ್ಣಾ??

ಶಂಕರ ದೊಡ್ಡಪ್ಪ: ಸತ್ತು ಸ್ವರ್ಗ ಸೇರಿದವರ ಕಾರಿನ ಬಗ್ಗೆ ಹೀಗೆ ಜಗಳ ಆಡೋದು ಶೋಭೆ ಅಲ್ಲ. ಗುಂಪು ಇರೋದು ಒಳ್ಳೆಯ ವಿಚಾರ ಹಂಚಿಕೊಳ್ಳೋಕೆ.

ಚಿಕ್ಕಪ್ಪ ಗುಂಪು ಬಿಟ್ಟರು. ಅತ್ತೆ ಸೇರಿಸಿದರು. ಮತ್ತೆ ಬಿಟ್ಟರು. ಈ ಹೊತ್ತಿನಲ್ಲೇ ಅನಿ ಇನ್ನೊಂದು ಸಂದೇಶ ಹಾಕಿದ್ದ. ನನ್ನ ಪ್ರಕಾರ ಇಡೀ ಸಂಜೆಯಲ್ಲಿ ಭಯಪಡೋಕೆ ಯೋಗ್ಯವಾಗಿದ್ದದ್ದು ಇದೊಂದೇ:

"ಹಿಂದಿನ ಆಕ್ಸಲ್‌ಗೆ ಒಂದು ಕೊಂಡಿಯಿಂದ ಬ್ರೇಕಿನ ಲೋಡ್ ವಾಲ್ವ್ ಸೇರಿಸಿರ್ತಾರೆ. ಕಾರು ತಗ್ಗಿದರೆ ಡಿಕ್ಕಿ ತುಂಬಿದೆ ಅಂತ ತಿಳಿದು ಅದು ಹಿಂದಿನ ಚಕ್ರಕ್ಕೆ ಜಾಸ್ತಿ ಒತ್ತಡ ಬಿಡುತ್ತೆ. ಖಾಲಿ ಕಾರಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಗಿರ್ರನೆ ತಿರುಗಬಹುದು. ಹೊಸ ಎತ್ತರಕ್ಕೆ ಕೊಂಡಿ ಹೊಂದಿಸಬೇಕು. ಆರ್ಮ್‌ಗಳ ಬೋಲ್ಟುಗಳನ್ನ ಕೊನೇ ಬಿಗಿ ಮಾಡೋದು ಕಾರು ಚಕ್ರದ ಮೇಲೆ ನಿಂತಾಗಲೇ. ಎತ್ತಿದ ಸ್ಥಿತಿಯಲ್ಲಿ ಬಿಗಿದರೆ ಆರ್ಮ್‌ನ ಕೀಲಿನಲ್ಲಿರೋ ರಬ್ಬರ್ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತೆ. ನಾಳೆ ಅದು, ಆಮೇಲೆ ಅಲೈನ್‌ಮೆಂಟ್, ಹೆಡ್‌ಲೈಟ್ ಎತ್ತರ. ಬಿಡುವಿದ್ದವರು ಒಬ್ಬರು ಬರ್ತೀರಾ?"

ಕಿಟ್ಟಿ ಒಂದು ಹೆಬ್ಬೆರಳು ಒತ್ತಿದ. ಬ್ರೇಕಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ, ಮೂಲವನ್ನೂ ಕೇಳಲಿಲ್ಲ. ನಾನು ಬರ್ತೀನಿ ಅಂತ ಅವನಿಗೆ ಬೇರೆಯಾಗಿ ಬರೆದೆ. ಗುಂಪಿನಲ್ಲಿ ಬರೆದಿದ್ದರೆ ನಾನು ಯಾರ ಪಕ್ಷ ಅನ್ನೋ ಲೆಕ್ಕ ಶುರುವಾಗುತ್ತಿತ್ತು.

ರಾತ್ರಿ ಹತ್ತು ದಾಟಿದ ಮೇಲೆ ಅತ್ತೆ ನಿಜವಾದ ಪ್ರಶ್ನೆ ಕೇಳಿದರು.

ಸರೋಜತ್ತೆ: ಅನಿ, ತಗ್ಗಿಸಿದ ಮೇಲೆ ಹಿಂದಿನ ಸೀಟಿಂದ ನಂಗೆ ಏಳೋಕೆ ಆಗುತ್ತಾ? ಮಂಡಿ ಹಿಡ್ಕೊಳ್ಳುತ್ತಪ್ಪ.

ಅನಿ: ಬರೀ ಒಂದು ಇಂಚಿಗಿಂತ ಚೂರು ಜಾಸ್ತಿ ಕೆಳಗೆ ಅತ್ತೆ. ಬೆಳಿಗ್ಗೆನೇ ಹೇಳಿದ್ದೆ.

ಸರೋಜತ್ತೆ: ಮೊದಲೇ ಹೀಗೆ ಇಂಚಲ್ಲಿ ಹೇಳಬಾರದಾ! ಮುಂದಿನ ಸೀಟು ಕೊಟ್ರೆ ಆಯ್ತು, ನಂಗೇನೂ ತಕರಾರಿಲ್ಲ.

ಶಂಕರ ದೊಡ್ಡಪ್ಪ: ಮುಂದಿನ ಸೀಟಲ್ಲಿ ಯಾವಾಗಲೂ ನಾನು ಕೂರೋದು.

ಸರೋಜತ್ತೆ: ನೀವು ಕೂತಿದ್ದು ಸ್ಟೀರಿಂಗ್ ಹಿಂದೆ ಅಣ್ಣಾ. ಅದಕ್ಕೇ ಈ ಫಜೀತಿ.