ಹತ್ತು ವರ್ಷ ಆಯ್ತು ಅಂತ ರೇಡಿಯೇಟರ್ ಬದಲಾಯಿಸಬೇಕಾ?

ಸಕಲೇಶಪುರದವ: ನನ್ನದು 2013ರ ಪೆಟ್ರೋಲ್ ಕಾರು. ಸರ್ವಿಸ್‌ಗೆ ಬಿಟ್ಟಾಗ, "ಹತ್ತು ವರ್ಷ ದಾಟಿದೆ, ರೇಡಿಯೇಟರ್ ಹೊಸದು ಹಾಕಿಸಿಬಿಡಿ" ಅಂದರು. ಟೆಂಪರೇಚರ್ ಮುಳ್ಳು ಅರ್ಧ ದಾಟುವುದಿಲ್ಲ. ವಾರಕ್ಕೊಮ್ಮೆ ಶಿರಾಡಿ ಘಾಟ್ ಇಳಿದು ಹತ್ತುತ್ತೇನೆ. ಹಾಕಿಸಲೇಬೇಕಾ?

ಗ್ರೀಸ್ ಕೈ: ಸುಮ್ನೆ ದುಡ್ಡು ದಂಡ. ರೇಡಿಯೇಟರ್‌ಗೆ ಎಕ್ಸ್‌ಪೈರಿ ಡೇಟ್ ಇರುವುದಿಲ್ಲ. ಹೊತ್ತಿಗೆ ಸರಿಯಾಗಿ ಕೂಲಂಟ್ (ಎಂಜಿನ್ ಬಿಸಿ ಹೀರಿ ರೇಡಿಯೇಟರ್‌ನಲ್ಲಿ ತಣಿಯುವ ದ್ರವ) ಬದಲಾಯಿಸಿದ ಗಾಡಿಗಳಲ್ಲಿ 15 ವರ್ಷ ಬಂದದ್ದೂ ಇದೆ. ಬೋರ್‌ವೆಲ್ ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟಿ ಬೇಗ ಹೋಗುತ್ತದೆ. ನೀವು ಏನು ಹಾಕುತ್ತಿದ್ದೀರಿ?

ಕುಡ್ಲದ ಗಾಡಿ: ದಂಡ ಅನ್ನಬೇಡಿ ಸರ್. ಈಗಿನ ರೇಡಿಯೇಟರ್‌ನಲ್ಲಿ ನಡುವೆ ಅಲ್ಯೂಮಿನಿಯಂ, ಎರಡು ಬದಿಗೂ ಪ್ಲಾಸ್ಟಿಕ್ ಟ್ಯಾಂಕ್. ಬಿಸಿ ತಿಂದು ತಿಂದು ಪ್ಲಾಸ್ಟಿಕ್ ಪೆಡಸಾಗಿರುತ್ತದೆ. ಘಾಟ್ ಬುಡದ ಗುಂಡ್ಯದಿಂದ ಮೇಲೆ ಲಾರಿಗಳ ಹಿಂದೆ ಫಸ್ಟ್ ಗೇರ್‌ನಲ್ಲಿ ಹತ್ತುವಾಗ ಬಿರುಕು ಬಿಟ್ಟರೆ? ಗಮನಿಸದೆ ಓಡಿಸಿದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಭಾಗದ ಸೀಲ್) ಹೋಗುತ್ತದೆ. ಆ ಬಿಲ್ಲಿನ ಮುಂದೆ ರೇಡಿಯೇಟರ್ ಯಾವ ಲೆಕ್ಕ?

ಹಳೇ ಜೀಪು: ನಮ್ಮ ಕಾಲದ ತಾಮ್ರ, ಹಿತ್ತಾಳೆ ರೇಡಿಯೇಟರ್‌ಗೆ ಬೆಸುಗೆ ಹಾಕಿಸಿದರೆ ಮತ್ತೆ ವರ್ಷಗಟ್ಟಲೆ ಓಡುತ್ತಿತ್ತು. ಈಗ ಪ್ಲಾಸ್ಟಿಕ್‌ಗೆ ಅಂಟು ಮೆತ್ತಿ ಕಳಿಸುತ್ತಾರೆ. ನಿಲ್ಲಲ್ಲ ಅದು.

ಗ್ರೀಸ್ ಕೈ: ಭಯ ಬಿದ್ದು ಬದಲಾಯಿಸೋದು ಬೇಡ, ನೋಡಿ ಬದಲಾಯಿಸಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿ ಇದ್ದಾಗ ಮುಟ್ಟಲೇಬೇಡಿ, ಕೈ ಮುಖ ಬೆಂದುಹೋಗುತ್ತದೆ. ಕೂಲಂಟ್ ಕೆಂಪು ಮಣ್ಣಿನ ನೀರಿನಂತಿದ್ದರೆ ಒಳಗೆ ತುಕ್ಕು. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಕೂಡುವ ಅಂಚಿನಲ್ಲಿ ಒಣಗಿದ ಕಲೆ ಇದೆಯಾ ನೋಡಿ. ನಡುವಿನ ತೆಳು ತಗಡಿನ ಫಿನ್‌ಗಳನ್ನು ಉಗುರಿನಿಂದ ಮುಟ್ಟಿದರೆ ಉದುರುತ್ತವಾ? ಮುಚ್ಚಳದ ರಬ್ಬರ್ ನೋಡೋದನ್ನೂ ಮರೆಯಬೇಡಿ. ಮುಚ್ಚಳ ಬಿಗಿಯಾಗಿದ್ದು ಒಳಗೆ ಒತ್ತಡ ನಿಂತರೆ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಎಷ್ಟೋ ಸಲ ಕೆಟ್ಟಿರುವುದು ಮುಚ್ಚಳ, ಇಲ್ಲವೇ ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲಂಟ್ ಹರಿಯಬಿಡುವ ವಾಲ್ವ್). ಬೈಗುಳ ಮಾತ್ರ ರೇಡಿಯೇಟರ್‌ಗೆ.

ಸಕಲೇಶಪುರದವ: ಈಗಷ್ಟೇ ನೋಡಿದೆ. ಹಾಕುತ್ತಿರುವುದು ಹಸಿರು ಕೂಲಂಟ್, ಬಣ್ಣ ಚೆನ್ನಾಗಿದೆ. ಆದರೆ ಎಡಗಡೆ ಅಂಚಿನ ಕೆಳಗೆ ಬೆರಳುದ್ದ ಬಿಳಿ ಹಸಿರು ಪೊರೆ ಕಟ್ಟಿದೆ, ಕೆರೆದರೆ ಪುಡಿ. ಪಕ್ಕದ ಬಾಟಲಿಯಲ್ಲಿ ಕೂಲಂಟ್ ಮಟ್ಟ ಮಿನ್ ಗೆರೆಗಿಂತ ಕೆಳಗೆ.

ಕುಡ್ಲದ ಗಾಡಿ: ಸೋರಿ ಒಣಗುತ್ತಿದೆ, ಅದಕ್ಕೇ ನೆಲದ ಮೇಲೆ ಹನಿ ಕಾಣುತ್ತಿಲ್ಲ.

ಗ್ರೀಸ್ ಕೈ: ಹಾಗಾದರೆ ಹಾಕಿಸಿ. ಘಾಟ್ ಓಡಾಟ ಬೇರೆ ಇದೆ. ಹೊಸ ಮುಚ್ಚಳ, ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲಂಟ್, ಬೆರೆಸಲು ಡಿಸ್ಟಿಲ್ಡ್ ವಾಟರ್. ಅಷ್ಟು ಸಾಕು.

ಕುಡ್ಲದ ಗಾಡಿ: ಹೋಸ್ ಪೈಪುಗಳನ್ನೂ ಬದಲಾಯಿಸಿ, ಅವಕ್ಕೂ ಅಷ್ಟೇ ವಯಸ್ಸು.

ಗ್ರೀಸ್ ಕೈ: ಮತ್ತೆ ವಯಸ್ಸು! ಒತ್ತಿ ನೋಡಿ ಸರ್. ಮೆತ್ತಗಾಗಿದ್ದರೆ, ಸೀಳು ಬಿಟ್ಟಿದ್ದರೆ ಮಾತ್ರ.